ಕಾಡಾಡಿನ ಕೊಳ್ಳದ ಹಗ್ಗ

ಲೆರ್ಬಾಖ್, ಟಿರೋಲ್
9 ಜನವರಿ 1984

ಪ್ರಿಯ ಗೆರ್ಡಾ,

ನಿನ್ನ ಕಾಗದ ಬರುವ ಮೊದಲೇ ಆರನೇ ಕೋಣೆಯ ಮುಂದೆ ನಿಮ್ಮಿಬ್ಬರ ಹೆಸರು ಬರೆದಿಟ್ಟಿದ್ದೇನೆ. ಫೆಬ್ರವರಿ ಹನ್ನೊಂದರಿಂದ ಇಪ್ಪತ್ತೈದರವರೆಗೆ. ಒಂಬತ್ತು ವರ್ಷದಿಂದ ಆ ಎರಡು ವಾರ ಆ ಕೋಣೆಯನ್ನು ಬೇರೆ ಯಾರಿಗೂ ಕೊಟ್ಟವಳಲ್ಲ ನಾನು. ಪ್ರತಿವರ್ಷ 'ಕೋಣೆ ಸಿಗಬಹುದೇ?' ಎಂದು ಕೇಳುತ್ತೀಯಲ್ಲ, ನಿನಗೇ ನಗು ಬರುವುದಿಲ್ಲವೇ?

ಹಿಮ ಈ ಸಲ ತಡವಾಗಿ ಬಂತು. ಬಂದ ಮೇಲೆ ನಿಲ್ಲಲೇ ಇಲ್ಲ. ನಿನ್ನೆ ಕೊಟ್ಟಿಗೆಯ ಬಾಗಿಲು ತೆಗೆಯಲು ರೊಮೆಡ್ ಮೂರು ಸಲ ಸಲಿಕೆ ಹಿಡಿಯಬೇಕಾಯಿತು. ಬೆಳಕು ಹರಿಯುವಾಗಲೇ ಲಿಫ್ಟಿನ ಸೆವೆರಿನ್ ಜೊತೆ ಮೇಲೆ ಹೋಗಿ, ಯಾವ ಇಳಿಜಾರು ತೆರೆಯಬೇಕು, ಎಲ್ಲಿ ಹಗ್ಗ ಕಟ್ಟಿ ಮುಚ್ಚಬೇಕು ಎಂದು ನೋಡಿ ಬರುತ್ತಾನೆ. ಆಮೇಲೆ ದಿನವಿಡೀ ಸ್ಕೀ ಪಾಠ. ಸಂಜೆ ಮನೆಗೆ ಬಂದರೆ ಮಾತೇ ಇಲ್ಲ, ಸಾರಿನ ಬಟ್ಟಲ ಮುಂದೆಯೇ ತೂಕಡಿಕೆ.

ನಿನ್ನ ಎವಾಲ್ಡ್‌ಗೆ ಅವನದೊಂದು ಸಂದೇಶವಿದೆ. ಅವನು ಹೇಳಿದ ಹಾಗೆಯೇ ಬರೆಯುತ್ತೇನೆ: "ಹೆಡ್ಮಾಸ್ಟ್ರಿಗೆ ಹೇಳು, ಈ ಸಲ ಹೊಟ್ಟೆ ಊರಲ್ಲೇ ಬಿಟ್ಟು ಬರ್ಲಿ. ಹೋದ್ಸಲ ತಿರುವಲ್ಲಿ ಮೊದ್ಲು ಹೊಟ್ಟೆ ಬಂತು, ಆಮೇಲೆ ಅವ್ರು ಬಂದ್ರು."

ವ್ರೋನಿಗೆ ಹತ್ತು ತುಂಬಿತು. ದೊಡ್ಡವಳಾದ ಮೇಲೆ ಅಪ್ಪನ ಹಾಗೆ ಸ್ಕೀ ಕಲಿಸುತ್ತಾಳಂತೆ. ಗೆರ್ಡಾ ಆಂಟಿ ಯಾವಾಗ ಬರುತ್ತಾರೆ ಎಂದು ದಿನಾ ಕೇಳುತ್ತಾಳೆ. ನಾವಿಬ್ಬರೂ ಅಡುಗೆಮನೆಯಲ್ಲಿ ಬೇರಿನ ಸಾರಾಯಿ ಕುಡಿದು, 'ನೀವು' ಬಿಟ್ಟು 'ನೀನು' ಎಂದು ಕರೆಯಲು ಶುರುಮಾಡಿ ಐದು ವರ್ಷವಾಯಿತು, ಗೊತ್ತೇ? ಆ ಬಾಟಲಿಯ ತಂಗಿಯೊಬ್ಬಳು ಕಪಾಟಿನಲ್ಲಿ ಕಾಯುತ್ತಿದ್ದಾಳೆ.

ಬೇಗ ಬಾ.
ನಿನ್ನ ಬುರ್ಗಿ


ಕಾಸೆಲ್
4 ಮಾರ್ಚ್ 1984

ಪ್ರಿಯ ಬುರ್ಗಿ,

ಇದು ಐದನೆಯ ಹಾಳೆ. ನಾಲ್ಕನ್ನು ಹರಿದು ಹಾಕಿದೆ.

ರೊಮೆಡ್‌ನ ಮಣ್ಣಿಗೆ ನಾನು ಬರಲಿಲ್ಲ. ಎವಾಲ್ಡ್‌ನನ್ನು ಅಂದೇ ಆಂಬ್ಯುಲೆನ್ಸಿನಲ್ಲಿ ಇಲ್ಲಿಗೆ ಸಾಗಿಸಬೇಕಾಗಿತ್ತು. ತೊಡೆಯ ಮೂಳೆಗೆ ಎರಡು ಸಲ ಆಪರೇಷನ್ ಆಗಿದೆ. ಬದುಕುತ್ತಾನೆ, ಆದರೆ ಕುಂಟು ಉಳಿಯುತ್ತದೆ ಎನ್ನುತ್ತಾರೆ. ಇದನ್ನು ನಿನಗೆ ಬರೆಯಲು ನಾಚಿಕೆಯಾಗುತ್ತದೆ. ನಿನ್ನ ಮುಂದೆ 'ಬದುಕುತ್ತಾನೆ' ಎಂಬ ಪದವನ್ನು ಹೇಗೆ ಬರೆಯಲಿ?

ಪೊಲೀಸರು ಆಸ್ಪತ್ರೆಗೆ ಬಂದು ಎವಾಲ್ಡ್‌ನ ಹೇಳಿಕೆ ಬರೆದುಕೊಂಡಿದ್ದರು. ಆಗ ಅವನಿಗೆ ಜ್ವರವಿತ್ತು. ತನಗೆ ನೆನಪಿದ್ದದ್ದನ್ನು ಹೇಳಿದ್ದಾನೆ. ಹಿಮ ಕುಸಿದ ಹೊತ್ತಿಗೆ ನಾನು ಮೇಲಿನ ಹೋಟೆಲಿನಲ್ಲಿದ್ದೆ, ಆದ್ದರಿಂದ ನಾನು ಹೇಳುವಂಥದ್ದು ಏನೂ ಇರಲಿಲ್ಲ.

ರೊಮೆಡ್ ಒಳ್ಳೆಯವನು. ಇದನ್ನು ಮಾತ್ರ ನೀನು ಎಂದೂ ಅನುಮಾನಿಸಬೇಡ.

ವ್ರೋನಿಯನ್ನು ಅಪ್ಪಿಕೊಂಡಿದ್ದೇನೆ ಎಂದು ಹೇಳು.

ಗೆರ್ಡಾ


ಲೆರ್ಬಾಖ್
7 ಮೇ 1984

ಶ್ರೀಮತಿ ಲೋಮನ್ ಅವರಿಗೆ,

ಆರನೇ ಕೋಣೆಯಲ್ಲಿ ಉಳಿದಿದ್ದ ನಿಮ್ಮ ಸಾಮಾನುಗಳನ್ನು ರೈಲಿನಲ್ಲಿ ಕಳಿಸಿದ್ದೇನೆ: ಎರಡು ಸೂಟ್‌ಕೇಸು, ನಿಮ್ಮ ಸ್ಕೀಗಳು, ನಿಮ್ಮ ಪತಿಯ ಒಂದು ಸ್ಕೀ. ಅವರ ಇನ್ನೊಂದು ಸಿಗಲಿಲ್ಲ. ಹಿಮ ಪೂರ್ತಿ ಕರಗಿದ ಮೇಲೆ ಸಿಕ್ಕರೆ ಕಳಿಸುತ್ತೇನೆ.

ಜಿಲ್ಲಾ ಕಚೇರಿಯ ವಿಚಾರಣೆ ಮುಗಿಯಿತು. ಕಾಡಾಡಿನ ಕೊಳ್ಳಕ್ಕೆ ಅಂದು ಬೆಳಿಗ್ಗೆ ಹಗ್ಗ ಕಟ್ಟಿ ಮುಚ್ಚಿದವನು ನನ್ನ ಗಂಡ. ಹತ್ತೂವರೆಗೆ ಆ ಹಗ್ಗವನ್ನು ತಾನೇ ದಾಟಿ, ನಿಮ್ಮ ಪತಿಯನ್ನು ಒಳಗೆ ಕರೆದುಕೊಂಡು ಹೋದವನೂ ಅವನೇ. ನಿಮ್ಮ ಪತಿಯ ಹೇಳಿಕೆಯಲ್ಲಿ ಹಾಗಿದೆ. ಎರಡು ಸ್ಕೀ ಗೆರೆಗಳು ಜೊತೆಯಾಗಿ ಹಗ್ಗದಡಿ ಹೋಗಿದ್ದನ್ನು ಸೆವೆರಿನ್ ಕೂಡ ನೋಡಿದ್ದಾನೆ. ಸತ್ತವನ ಮೇಲೆ ಮೊಕದ್ದಮೆ ಇಲ್ಲವಂತೆ. ತಪ್ಪು ಯಾರದೆಂದು ಬರೆದು ಕಡತ ಮುಚ್ಚಿದ್ದಾರೆ.

ಹತ್ತೊಂಬತ್ತು ವರ್ಷ ಬೆಟ್ಟದಲ್ಲಿ ಕೆಲಸ ಮಾಡಿದವನು ಹೀಗೆ ಮಾಡಬಾರದಿತ್ತು. ನಂಬಿ ಬಂದ ಅತಿಥಿಯ ಕಾಲು ಹೋಯಿತು. ನನ್ನ ಗಂಡನ ಪರವಾಗಿ ನಿಮ್ಮಿಬ್ಬರ ಕ್ಷಮೆ ಕೇಳುತ್ತೇನೆ.

ಇತಿ,
ವಾಲ್‌ಬುರ್ಗಾ ಸಾಂಟರ್


ಕಾಸೆಲ್
10 ಡಿಸೆಂಬರ್ 1984

ಪ್ರಿಯ ಬುರ್ಗಿ,

ನಿನ್ನ ಮೇ ತಿಂಗಳ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೇಡ, ಕ್ಷಮೆ ಕೇಳಬೇಡ. ನೀನು ನಮ್ಮ ಕ್ಷಮೆ ಕೇಳುವುದನ್ನು ನಾನು ಸಹಿಸಲಾರೆ.

ನನ್ನನ್ನು ಮತ್ತೆ 'ಶ್ರೀಮತಿ ಲೋಮನ್' ಮಾಡಿಬಿಟ್ಟೆ. ನಿನ್ನ ಮನಸ್ಸಿನಲ್ಲೇನಿದೆ ಎಂದು ಆ ಎರಡು ಪದಗಳಿಂದಲೇ ಗೊತ್ತಾಯಿತು. ನನಗೆ ಅದು ತಕ್ಕದ್ದೇ.

ಆರನೇ ಕೋಣೆಯನ್ನು ಬೇರೆಯವರಿಗೆ ಕೊಡು. ಎವಾಲ್ಡ್ ಕೋಲು ಹಿಡಿದು ಮತ್ತೆ ಶಾಲೆಗೆ ಹೋಗುತ್ತಿದ್ದಾನೆ. ಬೆಟ್ಟದ ಹೆಸರೆತ್ತಿದರೆ ಎದ್ದು ಹೋಗುತ್ತಾನೆ.

ವ್ರೋನಿಗೆ ಒಂದು ಕೆಂಪು ಸ್ವೆಟರ್ ಕಳಿಸಿದ್ದೇನೆ. ಅಳತೆ ಊಹಿಸಿ ಹೆಣೆದದ್ದು.

ಗೆರ್ಡಾ


ಲೆರ್ಬಾಖ್
20 ಜನವರಿ 1991

ಶ್ರೀಮತಿ ಲೋಮನ್ ಅವರಿಗೆ,

ಪ್ರತಿ ಕ್ರಿಸ್‌ಮಸ್‌ಗೆ ನಿಮ್ಮ ಕಾರ್ಡು ಬರುತ್ತಿದೆ. ನಾನು ಉತ್ತರಿಸಿಲ್ಲ. ಏನು ಬರೆಯಬೇಕೆಂದು ತಿಳಿಯುತ್ತಿರಲಿಲ್ಲ. ಈ ಊರಿಗೆ ನೀವು ಮತ್ತೆ ಕಾಲಿಡದಿದ್ದದ್ದು ನನಗೆ ಅರ್ಥವಾಗುತ್ತದೆ. ನಿಮ್ಮ ಪತಿಯನ್ನು ಸಾವಿನ ಬಾಯಿಗೆ ಒಯ್ದವನ ಮನೆಯಲ್ಲಿ ಕೂತು ಊಟ ಮಾಡಲು ಯಾರಿಗೆ ತಾನೇ ಮನಸ್ಸಾದೀತು?

ಇವತ್ತು ಬರೆಯುತ್ತಿರುವುದು ವ್ರೋನಿಯ ಸಲುವಾಗಿ. ಅವಳಿಗೀಗ ಹದಿನೇಳು. ನಿಮಗಲ್ಲದೆ ಬೇರೆ ಯಾರಿಗೂ ಇದನ್ನು ಹೇಳಲು ಆಗುತ್ತಿಲ್ಲ. ಅವಳ ಅಪ್ಪ ನಗುತ್ತಿದ್ದ ಕಾಲದಲ್ಲಿ ನಮ್ಮನ್ನು ಕಂಡವರಲ್ಲಿ ಊರಿನ ಹೊರಗಿನವರೆಂದರೆ ನೀವೊಬ್ಬರೇ.

ಅವಳು ಸ್ಕೀ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದಳು. ಊರಿನ ಸ್ಕೀ ಶಾಲೆಯ ಮುಖ್ಯಸ್ಥ ನಮ್ಮ ಮನೆಗೇ ಬಂದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ: "ಹುಡುಗಿ ಚೆನ್ನಾಗಿ ಸ್ಕೀ ಮಾಡ್ತಾಳೆ ಬುರ್ಗಿ, ಅದರ ಮಾತೇ ಇಲ್ಲ. ಆದ್ರೆ ಬೋರ್ಡ್ ಮೇಲೆ ಸಾಂಟರ್ ಅಂತ ಬರೆದ್ರೆ ಹಳೇ ಅತಿಥಿಗಳು ಕೇಳ್ತಾರೆ. ನಿನ್ನ ತವರಿನ ಹೆಸರು ಹಾಕ್ಕೊಳ್ಳಲಿ, ಇವತ್ತೇ ಸೇರಿಸ್ಕೋತೀನಿ."

ವ್ರೋನಿ ಒಪ್ಪಿದಳು. "ಹೆಸರಲ್ಲೇನಿದೆ ಅಮ್ಮಾ, ಬಿಡು" ಅಂದಳು. ಒಪ್ಪದವಳು ನಾನು. ಅಪ್ಪನ ಹೆಸರು ಬಿಟ್ಟು ಅಪ್ಪನ ಕೆಲಸ ಮಾಡುವುದು ಬೇಡವೇ ಬೇಡ ಎಂದೆ. ಎರಡು ದಿನ ಮನೆಯಲ್ಲಿ ಜಗಳವಾಯಿತು. ಮೂರನೆಯ ದಿನ ಅವಳು ಇನ್ಸ್‌ಬ್ರುಕ್‌ಗೆ ಹೊರಟುಹೋದಳು. ಅಲ್ಲೊಂದು ಹೋಟೆಲಿನಲ್ಲಿ ಕೀಲಿಕೈ ಕೊಡುವ ಕೆಲಸ.

ಬೆಟ್ಟದಲ್ಲಿ ಜನರನ್ನು ಉಳಿಸಲು ಹೋಗಿ ಸತ್ತವರ ಹೆಸರುಗಳನ್ನು ಇಗರ್ಜಿಯ ಗೋಡೆಯ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ನಿಮಗೆ ನೆನಪಿರಬಹುದು. ರೊಮೆಡ್‌ನ ಹೆಸರು ಅಲ್ಲಿಲ್ಲ. ಇರುವುದು ನ್ಯಾಯವೂ ಅಲ್ಲ. ಅತಿಥಿ ಸಂಜೆ ಕೊಡಿಸುವ ಬಾಟಲಿ ಬಿಯರಿನ ಆಸೆಗೆ ಹಗ್ಗ ದಾಟಿದ ಎಂದು ಮೊದಮೊದಲು ಜನ ಆಡಿಕೊಂಡರು. ಈಗ ಅದನ್ನೂ ಆಡಿಕೊಳ್ಳುವುದಿಲ್ಲ. ಅವನ ಮಾತೇ ಇಲ್ಲ.

ಅವನು ಯಾಕೆ ಹೋದನೆಂದು ನನಗೆ ಗೊತ್ತು. ಇರಲಿ ಬಿಡಿ.

ನಿಮ್ಮ ಪತಿ ಆ ದಿನದ ಬಗ್ಗೆ ಎಂದಾದರೂ ಏನಾದರೂ ಹೇಳಿದ್ದರೆ, ಕೊನೆಗೆ ರೊಮೆಡ್ ಏನಾದರೂ ಮಾತಾಡಿದ್ದರೆ, ತಿಳಿಸುತ್ತೀರಾ? ಒಂದು ಪದವಾದರೂ ಸಾಕು.

ವಾಲ್‌ಬುರ್ಗಾ


ಕಾಸೆಲ್
3 ಫೆಬ್ರವರಿ 1991

ಪ್ರಿಯ ಬುರ್ಗಿ,

ಎವಾಲ್ಡ್‌ನ ಆರೋಗ್ಯ ಚೆನ್ನಾಗಿಲ್ಲ. ಅವನನ್ನು ಕೇಳಲು ಇದು ಸಮಯವಲ್ಲ. ವ್ರೋನಿ ಜಾಣೆ, ಎಲ್ಲಿದ್ದರೂ ಚೆನ್ನಾಗಿರುತ್ತಾಳೆ.

ನನ್ನನ್ನು ಮನ್ನಿಸು.

ಗೆರ್ಡಾ


ಕಾಸೆಲ್
12 ಮಾರ್ಚ್ 1995

ಬುರ್ಗಿ,

ಜನವರಿ ಮೂವತ್ತರಂದು ಎವಾಲ್ಡ್ ತೀರಿಕೊಂಡ. ಹೃದಯಾಘಾತ. ಆರು ವಾರ ಈ ಕಾಗದವನ್ನು ತಲೆಯಲ್ಲೇ ಬರೆಯುತ್ತಿದ್ದೆ. ಈಗ ಕೈಯಲ್ಲಿ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು.

ರೊಮೆಡ್ ಎವಾಲ್ಡ್‌ನನ್ನು ಕರೆದುಕೊಂಡು ಹೋಗಲಿಲ್ಲ. ಎವಾಲ್ಡ್ ಒಬ್ಬನೇ ಹೋದ.

ನಾಲ್ಕು ದಿನ ಮಂಜು ಮುಸುಕಿ ಕೋಣೆಯಲ್ಲೇ ಕೂತಿದ್ದೆವು, ನಿನಗೆ ನೆನಪಿದೆ. ಹದಿನಾರನೇ ತಾರೀಕು ಗುರುವಾರ ಬಿಸಿಲು ಬಂತು. ಮೇಲಿನ ಹೋಟೆಲಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಎವಾಲ್ಡ್ ಕಾಡಾಡಿನ ಕೊಳ್ಳದ ಕಡೆ ನೋಡಿ, "ಒಂದು ಗೆರೆಯೂ ಇಲ್ಲ ನೋಡು, ಹಾಲಿನ ಕೆನೆ ಹಾಗಿದೆ. ಇಪ್ಪತ್ತು ವರ್ಷ ಚಿಕ್ಕವನಾಗಿದ್ರೆ..." ಅಂದ. ನನಗೆ ನಾಲ್ಕು ದಿನದ ಬೇಸರವಿತ್ತು. ನಾನು ಅಂದೆ: "ನೀನು ಮಾತಲ್ಲೇ ಬೆಟ್ಟ ಇಳಿಯೋನು. ಸುಮ್ನೆ ಕಾಫಿ ಕುಡಿ." ಪಕ್ಕದ ಬೆಂಚಿನವರು ನಕ್ಕರು. ಅವನು ಎದ್ದ. ನನ್ನ ಕಣ್ಣೆದುರೇ ಬಗ್ಗಿ ಹಗ್ಗದಡಿ ನುಸುಳಿ ಹೋದ.

ಹೆದರಿಸಿ ವಾಪಸು ಬರುತ್ತಾನೆ ಎಂದುಕೊಂಡೆ. ಬರಲಿಲ್ಲ. ನಕ್ಕವರು ಅಷ್ಟರಲ್ಲಿ ಬೇರೆ ಕಡೆ ಇಳಿದುಹೋಗಿದ್ದರು, ಆಮೇಲೂ ಅವರನ್ನು ಯಾರೂ ಹುಡುಕಿ ವಿಚಾರಿಸಲಿಲ್ಲ. ಲಿಫ್ಟಿನ ಮನೆಯ ಹತ್ತಿರ ರೊಮೆಡ್ ಒಬ್ಬನೇ ನಿಂತು ಯಾರದೋ ಸ್ಕೀಯ ಕಟ್ಟು ಸರಿಮಾಡುತ್ತಿದ್ದ. ಅವನ ಬಳಿಗೆ ಓಡಿದೆ. ಅವನು ಬೈಯಲಿಲ್ಲ ಬುರ್ಗಿ. "ಎಷ್ಟೊತ್ತಾಯ್ತು?" ಅಂತ ಮಾತ್ರ ಕೇಳಿದ. ಐದು ನಿಮಿಷ ಎಂದೆ. "ನೀವು ಇಲ್ಲೇ ಇರಿ ಗೆರ್ಡಾ. ಬುರ್ಗಿಗೆ ಈಗ್ಲೇ ಫೋನ್ ಮಾಡ್ಬೇಡಿ, ಸುಮ್ನೆ ಗಾಬರಿ ಆಗ್ತಾಳೆ. ಕರ್ಕೊಂಡು ಬರ್ತೀನಿ" ಎಂದು ಹೊರಟ. ನೀನು ಕೇಳಿದ್ದೆಯಲ್ಲ, ಒಂದು ಪದವಾದರೂ ಸಾಕು ಎಂದು. ನಾನು ಕೇಳಿಸಿಕೊಂಡ ಅವನ ಕೊನೆಯ ಮಾತು ಇದೇ. ನಾಲ್ಕು ವರ್ಷದ ಹಿಂದೆ ನೀನು ಕೇಳಿದಾಗಲೂ ಇದು ನನ್ನ ಬಳಿ ಇತ್ತು.

ಮುಂದಿನದನ್ನು ಎವಾಲ್ಡ್ ಒಂದೇ ಒಂದು ಸಲ, ಎರಡನೇ ಆಪರೇಷನ್ನಿನ ಹಿಂದಿನ ದಿನ, ನನಗೆ ಹೇಳಿದ್ದ. ಕೊಳ್ಳದ ನಡುವೆ ಅವನು ಭಯದಿಂದ ಕಾಲು ಕೀಳಲಾರದೆ ನಿಂತುಬಿಟ್ಟಿದ್ದನಂತೆ. ರೊಮೆಡ್ ಅವನ ಬಳಿಗೆ ಬಂದು ಎಡಗಡೆಯ ಬಂಡೆ ತೋರಿಸಿ, "ಮೊದ್ಲು ನೀವು ಹೋಗಿ. ನೀವು ಮುಟ್ಟೋವರೆಗೂ ನಾನು ಕದಲಲ್ಲ. ಒಟ್ಟಿಗೆ ಹೋದ್ರೆ ಭಾರ ತಡೆಯಲ್ಲ" ಅಂದನಂತೆ. ಎವಾಲ್ಡ್ ಬಂಡೆ ಮುಟ್ಟುವ ಹೊತ್ತಿಗೆ ಮೇಲಿನಿಂದ ಸದ್ದಾಯಿತು. ಅವನ ಕಾಲಿಗೆ ತಗುಲಿದ್ದು ಕುಸಿತದ ಅಂಚು. ರೊಮೆಡ್ ನಟ್ಟನಡುವೆ ನಿಂತಿದ್ದ.

ಪೊಲೀಸರು ಬಂದಾಗ ಎವಾಲ್ಡ್‌ಗೆ ಜ್ವರವಿತ್ತು ಎಂದು ಬರೆದಿದ್ದೆ. ಇರಲಿಲ್ಲ. "ಮೇಷ್ಟ್ರೇ ಬನ್ನಿ, ಒಳ್ಳೆ ಜಾಗ ತೋರಿಸ್ತೀನಿ ಅಂತ ಕರೆದ" ಎಂದು ಸ್ಪಷ್ಟವಾಗಿ ಹೇಳಿದ. ನಾನು ಮಂಚದ ಪಕ್ಕದಲ್ಲೇ ಇದ್ದೆ. ಪೊಲೀಸಿನವನು ನನ್ನ ಕಡೆ ತಿರುಗಿ, "ಅಮ್ಮಾ, ನೀವೇನಾದ್ರೂ ನೋಡಿದ್ರಾ?" ಎಂದು ಕೇಳಿದ. ಹೇಳಲು ಅಷ್ಟೇ ಹೊತ್ತು ಸಿಕ್ಕಿದ್ದು. ಇಲ್ಲ ಎಂದೆ. ನಾನು ಆಡಿದ ಚುಚ್ಚುಮಾತಿನಿಂದ ಒಬ್ಬ ಸತ್ತ ಎಂದು ಹೊರಬೀಳುವುದು ನನಗೂ ಬೇಕಿರಲಿಲ್ಲ. ಅವನು ತನ್ನ ಶಾಲೆಯ ಮಾನ ಕಾಯ್ದುಕೊಂಡ, ನಾನು ನನ್ನ ಮಾತನ್ನು ಮುಚ್ಚಿಟ್ಟೆ. ಆಮೇಲೆ ಹನ್ನೊಂದು ವರ್ಷ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದೆವು.

ನೀನು ನಮ್ಮ ಕ್ಷಮೆ ಕೇಳಿ ಬರೆದ ಕಾಗದವನ್ನು ಎವಾಲ್ಡ್‌ಗೆ ಓದಿ ಹೇಳಿದ್ದೆ. ಅವನು ಗೋಡೆಯ ಕಡೆ ಮಗ್ಗುಲಾದ.

ಗೆರ್ಡಾ


ಲೆರ್ಬಾಖ್
2 ಏಪ್ರಿಲ್ 1995

ಗೆರ್ಡಾ,

ಹೌದು, 'ನೀನು' ಎಂದೇ ಬರೆಯುತ್ತೇನೆ. ಮರ್ಯಾದೆ ಕೊಡಲು ಈಗ ನನ್ನಲ್ಲಿ ಏನೂ ಉಳಿದಿಲ್ಲ.

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆಯ ಮೇಲಿನ ಸಾರು ಉಕ್ಕಿ ಹರಿಯಿತು. ಅತಿಥಿಗಳಿಗೆ ಅಂದು ಬ್ರೆಡ್ಡು, ಚೀಸು ಅಷ್ಟೇ.

ನೀನು ಊರಿನವರ ಬಗ್ಗೆ, ಅವನ ಹೆಸರಿನ ಬಗ್ಗೆ ಸಂಕಟಪಡುತ್ತಿರಬಹುದು. ಅದು ಆಮೇಲಿನ ಮಾತು. ನೀನು ನನಗೇನು ಮಾಡಿದೆ ಎಂದು ನಿನಗೆ ಗೊತ್ತಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ, ನನ್ನ ಮಗಳಿಗೂ.

ಹದಿನೈದನೇ ತಾರೀಕು ಸಂಜೆ, ನೀವಿಬ್ಬರೂ ಊಟ ಮುಗಿಸಿ ಮೇಲೆ ಹೋದ ಮೇಲೆ, ನಾನು ಪಾತ್ರೆ ಒರೆಸುತ್ತ ರೊಮೆಡ್‌ಗೆ ಹೇಳಿದೆ: "ಒಂಬತ್ತು ವರ್ಷದಿಂದ ಬರೋ ಜನ. ನಾಲ್ಕು ದಿನ ಮಂಜು ನೋಡ್ಕೊಂಡು ಕೂತಿದ್ದಾರೆ. ನಾಳೆ ಬಿಸಿಲು ಬಂದ್ರೆ ಎಲ್ಲಾದ್ರೂ ಒಳ್ಳೆ ಕಡೆ ಕರ್ಕೊಂಡು ಹೋಗು ಮಾರಾಯ, ಮುಖ ಸಪ್ಪಗೆ ಮಾಡ್ಕೊಂಡು ವಾಪಸ್ ಹೋಗೋದು ಬೇಡ." ಅವನು ಬೂಟಿನ ದಾರ ಬಿಚ್ಚುತ್ತ "ಹೂಂ" ಅಂದ. ಅಷ್ಟೇ.

ನಿನ್ನ ಗಂಡನ ಹೇಳಿಕೆ ಓದಿದ ದಿನದಿಂದ ನನಗೆ ಆ 'ಹೂಂ' ಒಂದೇ ಕೇಳಿಸುತ್ತಿತ್ತು. ಪ್ರತಿ ಭಾನುವಾರ ಸಮಾಧಿಗೆ ಹೋಗಿ ಅವನೊಡನೆ ಜಗಳವಾಡಿದೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಒಂದು ಮಾತನ್ನೂ ಕೇಳದ ಗಂಡಸು, ಕೇಳಬಾರದ ಆ ಒಂದು ಮಾತನ್ನು ಯಾಕೆ ಕೇಳಿದೆ ಎಂದು ಬೈದೆ. ಆಮೇಲಾಮೇಲೆ ಬೈಯುವುದಕ್ಕೂ ಹೋಗಲಿಲ್ಲ. ಎರಡು ವರ್ಷ ಆ ಕಡೆ ತಲೆಹಾಕಲಿಲ್ಲ. ಸಮಾಧಿಯ ಮೇಲಿನ ಹೂವು ಸೆವೆರಿನ್‌ನ ಹೆಂಡತಿ ಇಟ್ಟದ್ದು.

ಅವನು ನನ್ನ ಮಾತು ಕೇಳಿರಲೇ ಇಲ್ಲ. ಎಂದಿನ ಹಾಗೆ ತನಗೆ ಸರಿ ಕಂಡದ್ದನ್ನೇ ಮಾಡಿದ. ಹಗ್ಗ ದಾಟಿದವನನ್ನು ಕರೆತರಲು ಹೋದ. ಇದಕ್ಕೆ ನಾನು ಅವನ ಮೇಲೆ ಹೆಮ್ಮೆಪಡಬಹುದಿತ್ತು. ಅಳಬಹುದಿತ್ತು. ಗಂಡ ಸತ್ತವಳು ಅಳುವ ಹಾಗೆ ನಾನು ಒಂದು ದಿನವೂ ಅತ್ತಿಲ್ಲ ಗೆರ್ಡಾ. ಅದನ್ನು ನೀನು ನನಗೆ ವಾಪಸು ಕೊಡಲಾರೆ.

ನನಗೆ ಮತ್ತೆ ಬರೆಯಬೇಡ.

ಬುರ್ಗಿ


ಕಾಸೆಲ್
18 ಜೂನ್ 1995

ಬುರ್ಗಿ,

ಬರೆಯಬೇಡ ಎಂದಿದ್ದೀಯೆ. ಇದೊಂದನ್ನು ತಿಳಿಸಿ ನಿಲ್ಲಿಸುತ್ತೇನೆ.

ಮಾರ್ಚ್ ಕಾಗದದಲ್ಲಿ ನಿನಗೆ ಬರೆದದ್ದೆಲ್ಲವನ್ನೂ ವಕೀಲರ ಮುಂದೆ ಪ್ರಮಾಣ ಮಾಡಿ ಬರೆದುಕೊಟ್ಟಿದ್ದೇನೆ. ಒಂದು ಪ್ರತಿ ಜಿಲ್ಲಾ ಕಚೇರಿಗೆ, ಒಂದು ನಿಮ್ಮ ಊರಿನ ಮೇಯರಿಗೆ ಹೋಗಿದೆ. ನಾನು ಆಡಿದ ಮಾತು, ಬೆಂಚಿನವರು ನಕ್ಕದ್ದು, ಆಸ್ಪತ್ರೆಯಲ್ಲಿ ನಾನು 'ಇಲ್ಲ' ಎಂದದ್ದು, ಎಲ್ಲವೂ ಅದರಲ್ಲಿದೆ. ಎವಾಲ್ಡ್‌ನ ಅಣ್ಣ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದಾನೆ. ಸತ್ತವನ ಮುಖಕ್ಕೆ ಮಸಿ ಬಳಿದೆ ಎಂದ. ರೊಮೆಡ್ ಕೂಡ ಸತ್ತವನೇ ಎಂದೆ. ಅದೊಂದು ಮಾತನ್ನು ಹನ್ನೊಂದು ವರ್ಷ ಮೊದಲೇ ಆಡಬಹುದಿತ್ತು.

ಕ್ಷಮೆ ಕೇಳುವುದಿಲ್ಲ. ಕರೆದರೆ ಬರುತ್ತೇನೆ. ಊರವರ ಮುಂದೆ ನಿಂತು ಹೇಳು ಎಂದರೆ ಹೇಳುತ್ತೇನೆ.

ಗೆರ್ಡಾ


ಲೆರ್ಬಾಖ್
15 ಅಕ್ಟೋಬರ್ 1995

ಗೆರ್ಡಾ,

ಮೇಯರು ನಿನ್ನ ಕಾಗದವನ್ನು ಬೇಸಿಗೆಯ ಸಭೆಯಲ್ಲಿ ಓದಿದ. ನಾನು ಹೋಗಿರಲಿಲ್ಲ. ಸಭೆ ಮುಗಿದ ಮೇಲೆ ಸೆವೆರಿನ್ ನೇರವಾಗಿ ನಮ್ಮ ಅಡುಗೆಮನೆಗೆ ಬಂದ. ಎಪ್ಪತ್ತು ದಾಟಿದೆ ಅವನಿಗೆ, ಕೂರು ಎಂದರೂ ಕೂರಲಿಲ್ಲ.

"ಬುರ್ಗಿ, ನಾನು ನೋಡಿದ್ದು ಎರಡು ಗೆರೆ ಅಷ್ಟೇ. ಜೊತೇಲಿ ಹೋದ್ರೋ, ಒಬ್ರ ಹಿಂದೆ ಒಬ್ರು ಹೋದ್ರೋ, ಗೆರೆ ನೋಡಿದ್ರೆ ಗೊತ್ತಾಗಲ್ಲ. ವಿಚಾರಣೆಗೆ ಬಂದ ಸಾಹೇಬ್ರು ಕೇಳಿದ್ರು, 'ಜೊತೆಗೇ ತಾನೇ?' ಅಂತ. ನಾನು ಹೂಂ ಅಂದುಬಿಟ್ಟೆ ಕಣಮ್ಮ. ರೊಮೆಡ್ ಜೊತೆ ಹತ್ತೊಂಬತ್ತು ವರ್ಷ ಬೆಟ್ಟ ಹತ್ತಿದೋನು ನಾನು. ಅವನು ಹಂಗೆ ಮಾಡೋನಲ್ಲ ಅಂತ ನಂಗಾದ್ರೂ ಗೊತ್ತಾಗ್ಬೇಕಿತ್ತು."

ನನಗೂ ಗೊತ್ತಾಗಬೇಕಿತ್ತು ಎಂದೆ.

ಅಲ್ಲಿಂದ ಮೂರು ತಿಂಗಳು ನಾನು ಇದನ್ನೇ ಯೋಚಿಸಿದ್ದೇನೆ. ನೀನು ಸುಳ್ಳು ಹೇಳಿದೆ, ನಿಜ. ಆದರೆ ಅದನ್ನು ನಂಬಿದವರು ನಾವು. ಅವನನ್ನು ಹಾಸಿಗೆಯಲ್ಲಿ, ಊಟದ ಮೇಜಿನಲ್ಲಿ, ಕೊಟ್ಟಿಗೆಯಲ್ಲಿ ಕಂಡ ನಾನೇ, ಯಾರೋ ಬರೆದ ಒಂದು ಹಾಳೆಯನ್ನು ನಂಬಿ ಅವನ ಪರವಾಗಿ ಕ್ಷಮೆ ಕೇಳಿ ನಿನಗೆ ಬರೆದೆ. ಈ ಪಾಲು ನನ್ನದು. ಇದನ್ನು ನಿನ್ನ ಮೇಲೆ ಹೊರಿಸಲು ನೋಡಿದೆ, ಆಗಲಿಲ್ಲ.

ಇಗರ್ಜಿಯ ಕಲ್ಲಿನಲ್ಲಿ ಅವನ ಹೆಸರು ಕೆತ್ತಿದರು. ವ್ರೋನಿ ಇನ್ಸ್‌ಬ್ರುಕ್‌ನಿಂದ ಬಂದಿದ್ದಳು. ಸ್ಕೀ ಶಾಲೆಯ ಮುಖ್ಯಸ್ಥ ಅವಳ ಹತ್ತಿರ ಹೋಗಿ, ಈ ಚಳಿಗಾಲದಿಂದಲೇ ಬಾ, ಸಾಂಟರ್ ಎಂದೇ ಬೋರ್ಡಿನಲ್ಲಿ ಬರೆಸುತ್ತೇನೆ ಎಂದ. ಅವಳು ನಕ್ಕಳು. "ಸ್ಕೀ ಹಾಕಿ ನಾಕು ವರ್ಷ ಆಯ್ತು ಅಂಕಲ್. ಈಗ ಆ ಆಸೆನೇ ಇಲ್ಲ" ಅಂದಳು. ಬಸ್ಸು ಹತ್ತುವಾಗ ನನ್ನ ಕೈ ಹಿಡಿದಳು. ಕಿಟಕಿಯಿಂದ ಬೆಟ್ಟದ ಕಡೆ ನೋಡಲೂ ಇಲ್ಲ.

ನೀನು ಕರೆದರೆ ಬರುತ್ತೇನೆ ಎಂದಿದ್ದೆ. ಫೆಬ್ರವರಿಯಲ್ಲಿ ಬರಬೇಡ. ನವೆಂಬರಿನಲ್ಲಿ ಬಾ, ಎರಡು ದಿನಕ್ಕೆ. ಆಗ ಹಿಮ ಇರುವುದಿಲ್ಲ, ಲಿಫ್ಟು ಓಡುವುದಿಲ್ಲ, ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಕೆಸರು, ಮಂಜು, ನಾವು. ಹಿಮವಿಲ್ಲದ ಈ ಊರನ್ನು ನೀನು ನೋಡಿಯೇ ಇಲ್ಲ. ಆರನೇ ಕೋಣೆ ಕೊಡುವುದಿಲ್ಲ, ಅಡುಗೆಮನೆಯ ಪಕ್ಕದ ಚಿಕ್ಕದನ್ನು ಕೊಡುತ್ತೇನೆ. ನಾನು ಮಾತಾಡುತ್ತೇನೆಂದು ನಂಬಿಕೊಂಡು ಬರಬೇಡ. ಎರಡು ದಿನವೂ ಮಾತಾಡದೆ ಇರಬಹುದು.

ಊರವರ ಮುಂದೆ ನೀನು ಏನೂ ಹೇಳಬೇಕಾಗಿಲ್ಲ, ಅವರು ಕೇಳಿಯಾಯಿತು. ಸಮಾಧಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನೀನು ಅವನಿಗೆ ಹೇಳು. ನಾನು ಗೇಟಿನ ಹೊರಗೆ ನಿಂತಿರುತ್ತೇನೆ.

ಜೋರಾಗಿ ಹೇಳು. ಅವನಿಗೆ ಎಡಗಿವಿ ಮಂದ. ಬಲಗಡೆ ನಿಂತು ಹೇಳು.

ಬುರ್ಗಿ